ಊರ ತುಂಬ ಕ್ರಿಸ್ಮಸ್ ದೀಪ: ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿ ಕಂಬಗಳಿಗೆ ದೀಪದ ಸರ ಏರುತ್ತಿದ್ದಂತೆ ಪ್ರಶ್ನೆಗಳೂ ಶುರುವಾಗುತ್ತವೆ. ಕೆಲವನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳಿದರು. ಕೆಲವನ್ನು ಬಲಿಪೂಜೆ, ಅಂದರೆ ಮಾಸ್, ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ದೊಡ್ಡವರು ತಗ್ಗಿದ ದನಿಯಲ್ಲಿ ಕೇಳಿದರು. ಒಂದೆರಡನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ. ಎಲ್ಲಕ್ಕೂ ಒಂದೇ ಉದ್ದದ ಉತ್ತರ ಸಿಗುವುದಿಲ್ಲ. ಕೆಲವು ಪ್ರಶ್ನೆಗಳಿಗೆ ಎರಡು ಸಾಲು ಸಾಕು.

ನಗರಸಭೆಯವರು ಹಾಕಿಸುವ ದೀಪಗಳಿಗೆ ಧರ್ಮಸಭೆ (ಕಥೋಲಿಕ ಚರ್ಚು) ಅಧಿಕೃತವಾಗಿ ಏನಾದರೂ ಅರ್ಥ ಕೊಟ್ಟಿದೆಯೇ?

ಇಲ್ಲ. ಜನಸಾಮಾನ್ಯರ ಭಕ್ತಿಯ ಆಚರಣೆಗಳ ಬಗ್ಗೆ ವ್ಯಾಟಿಕನ್ 2001ರ ಡಿಸೆಂಬರಿನಲ್ಲಿ ಒಂದು ಮಾರ್ಗದರ್ಶಿಯನ್ನು ಸಿದ್ಧಪಡಿಸಿತು. ಅದರಲ್ಲಿ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಪ್ರಸ್ತಾಪವಿದೆ, ಕ್ರಿಸ್ಮಸ್ ಮರದ ಪ್ರಸ್ತಾಪವೂ ಇದೆ. ಆ ಮರವನ್ನು ಏದೆನ್ ತೋಟದ ಮರಕ್ಕೂ ಶಿಲುಬೆಯ ಮರಕ್ಕೂ ಜೋಡಿಸಿ ವಿವರಿಸಲಾಗಿದೆ. ಬೀದಿಯ ದೀಪಾಲಂಕಾರಕ್ಕೆ ಅಂಥ ವಿವರಣೆ ಬೇಕೆಂದು ಯಾರಿಗೂ ಅನ್ನಿಸಿದಂತಿಲ್ಲ.

ಹಾಗೆಂದ ಮಾತ್ರಕ್ಕೆ ಅದಕ್ಕೆ ಅರ್ಥವೇ ಇಲ್ಲ ಎನ್ನುವಂತಿಲ್ಲ. ಬೆಳಕು ಎಂಬುದು ಕಥೋಲಿಕರ ಆರಾಧನೆಯ ಮಾತೃಭಾಷೆಯಂತೆ. ದೀಕ್ಷಾಸ್ನಾನದ ದಿನ ಪಾಸ್ಖ ದೀಪದಿಂದ (ಈಸ್ಟರ್ ರಾತ್ರಿ ಹಚ್ಚುವ ದೊಡ್ಡ ಮೇಣದಬತ್ತಿಯಿಂದ) ಹಚ್ಚಿದ ಮೇಣದಬತ್ತಿಯೊಂದನ್ನು ನಮ್ಮ ಹೆಸರಿನಲ್ಲಿ ಯಾರೋ ಹಿಡಿದಿರುತ್ತಾರೆ. ಶವಸಂಸ್ಕಾರದ ದಿನ ಅದೇ ಪಾಸ್ಖ ದೀಪ ಪೆಟ್ಟಿಗೆಯ ಪಕ್ಕದಲ್ಲಿ ಉರಿಯುತ್ತದೆ. ಈ ನಡುವಿನ ಆಯುಸ್ಸಿನಲ್ಲಿ ಪರಮಪ್ರಸಾದದ (ಬಲಿಪೂಜೆಯ ಪವಿತ್ರ ರೊಟ್ಟಿಯ) ಮುಂದಿನ ನಂದಾದೀಪವನ್ನು ಎಷ್ಟು ಸಾವಿರ ಸಲ ನೋಡಿರುತ್ತೇವೋ ಲೆಕ್ಕವಿಲ್ಲ. ಇಷ್ಟೆಲ್ಲ ಕಂಡ ಕಣ್ಣು ಬೀದಿಗೆ ಬಂದೊಡನೆ ಅಕ್ಷರ ಮರೆತುಬಿಡುವುದಿಲ್ಲ. ದೀಪ ಹಾಕಿಸಿದವರ ಉದ್ದೇಶ ಅವರದು, ಅದನ್ನು ಓದುವ ಕಣ್ಣು ನಮ್ಮದು.

ಕ್ರಿಸ್ಮಸ್‌ಗೂ ಬೆಳಕಿಗೂ ನಂಟು ಎಲ್ಲಿಂದ ಬಂತು?

ಆ ರಾತ್ರಿಯ ವಾಚನಗಳಿಂದಲೇ. ನಡುರಾತ್ರಿಯ ಬಲಿಪೂಜೆಯಲ್ಲಿ ಮೊದಲು ಕೇಳಿಬರುವುದು ಪ್ರವಾದಿ ಯೆಶಾಯನ ಒಂಬತ್ತನೆಯ ಅಧ್ಯಾಯ: ಕತ್ತಲಲ್ಲಿ ನಡೆಯುತ್ತಿದ್ದ ಜನ ದೊಡ್ಡ ಬೆಳಕನ್ನು ಕಂಡರು. ಅದಕ್ಕೂ ಮೊದಲಿನ ಪ್ರಾರ್ಥನೆಯಲ್ಲಿ ಗುರುಗಳು ಈ ರಾತ್ರಿಯನ್ನು ನಿಜವಾದ ಬೆಳಕಿನಿಂದ ಬೆಳಗಿಸಿದ ದೇವರನ್ನು ಸಂಬೋಧಿಸುತ್ತಾರೆ. ಲೂಕನ ಶುಭಸಂದೇಶದಲ್ಲಿ ಕುರುಬರ ಸುತ್ತ ಪ್ರಭುವಿನ ಮಹಿಮೆ ಬೆಳಗುತ್ತದೆ. ಹಗಲಿನ ಬಲಿಪೂಜೆಗೆ ಬಂದರೆ ಯೊವಾನ್ನನ ಮೊದಲ ಅಧ್ಯಾಯ. ಅಲ್ಲಿ ಕೂಸೂ ಇಲ್ಲ, ಗೋದಲಿಯೂ ಇಲ್ಲ; ಕತ್ತಲಲ್ಲಿ ಬೆಳಗುವ ಬೆಳಕು ಮಾತ್ರ.

ಆ ಬೆಳಕನ್ನು ಕತ್ತಲು ಏನು ಮಾಡಲಾಗಲಿಲ್ಲ ಎಂದು ಹೇಳುವ ಕಡೆ ಗ್ರೀಕ್ ಮೂಲದ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕತ್ತಲು ಅದನ್ನು ಸೋಲಿಸಲಿಲ್ಲ ಎನ್ನಬಹುದು, ಗ್ರಹಿಸಲಿಲ್ಲ ಎಂದೂ ಅನ್ನಬಹುದು. ಕನ್ನಡದ ‘ಹಿಡಿ’ ಈ ಎರಡಕ್ಕೂ ಹತ್ತಿರ: ಕೈಗೂ ಸಿಗಲಿಲ್ಲ, ತಲೆಗೂ ಹತ್ತಲಿಲ್ಲ.

ಇಡೀ ಊರಿಗೆ ದೀಪ ಹಾಕುವುದು ಇತ್ತೀಚಿನ ಶೋಕಿಯಲ್ಲವೇ? ಬೈಬಲಿನ ಕಾಲದಲ್ಲಿ ಅಂಥದ್ದು ಇತ್ತೇ?

ಇತ್ತು. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಯೆರೂಸಲೇಮಿನಲ್ಲಿ ಪರ್ಣಕುಟೀರಗಳ ಹಬ್ಬ ನಡೆಯುತ್ತಿದ್ದುದು ಶರತ್ಕಾಲದಲ್ಲಿ. ಆ ಹಬ್ಬದ ರಾತ್ರಿಗಳನ್ನು ಯೆಹೂದ್ಯರ ಮಿಶ್ನಾ ಗ್ರಂಥ ವರ್ಣಿಸುತ್ತದೆ. ದೇವಾಲಯದಲ್ಲಿ ಹೆಂಗಸರೂ ಬಂದು ನಿಲ್ಲಬಹುದಾಗಿದ್ದ ಅಂಗಳದಲ್ಲಿ ಚಿನ್ನದ ದೀಪಸ್ತಂಭಗಳು, ಒಂದೊಂದರ ತುದಿಯಲ್ಲೂ ನಾಲ್ಕು ಬಟ್ಟಲು, ಒಂದೊಂದಕ್ಕೂ ನಾಲ್ಕು ಏಣಿ. ಯಾಜಕ ಮನೆತನದ ಹುಡುಗರು ಎಣ್ಣೆಯ ಗಡಿಗೆ ಹಿಡಿದು ಆ ಏಣಿಗಳನ್ನು ಹತ್ತಬೇಕು. ಬತ್ತಿಗಳು ಯಾವುವು ಎಂದುಕೊಂಡಿರಿ? ಯಾಜಕರು ಉಟ್ಟು ಹಳತಾದ ಬಟ್ಟೆಗಳನ್ನೂ ನಡುಪಟ್ಟಿಗಳನ್ನೂ ಹರಿದು ಹೊಸೆದವು. ದೀಪ ಹತ್ತಿತೆಂದರೆ ಯೆರೂಸಲೇಮಿನಲ್ಲಿ ಆ ಬೆಳಕು ಬೀಳದ ಅಂಗಳವೇ ಇರಲಿಲ್ಲವಂತೆ.

ಈಗ ಯೊವಾನ್ನನ ಶುಭಸಂದೇಶ ತೆರೆಯಿರಿ. ಏಳನೆಯ ಅಧ್ಯಾಯದಲ್ಲಿ ಯೇಸು ಇದೇ ಹಬ್ಬಕ್ಕೆ ಬರುತ್ತಾರೆ. ಎಂಟನೆಯ ಅಧ್ಯಾಯದಲ್ಲಿ, ಕಾಣಿಕೆ ಪೆಟ್ಟಿಗೆಗಳಿದ್ದ ಜಾಗದಲ್ಲಿ ನಿಂತು, ಜಗತ್ತಿನ ಬೆಳಕು ನಾನೇ ಎನ್ನುತ್ತಾರೆ. ಕಾಣಿಕೆ ಪೆಟ್ಟಿಗೆಗಳಿದ್ದದ್ದು ಆ ದೀಪಸ್ತಂಭಗಳ ಅಂಗಳದಲ್ಲೇ. ಕೇಳುತ್ತಿದ್ದವರ ಕಣ್ಣಲ್ಲಿ ಹಬ್ಬದ ದೀಪಗಳಿದ್ದವು, ಅದನ್ನು ನೆನೆದೇ ಯೇಸು ಹಾಗೆ ಹೇಳಿದರು ಎಂದು ಬೈಬಲ್ ಪಂಡಿತರಲ್ಲಿ ಬಹಳ ಮಂದಿ ಭಾವಿಸುತ್ತಾರೆ. ಆ ದೀಪಗಳನ್ನು ಯೇಸು ಹಳಿಯಲಿಲ್ಲ, ಆರಿಸಿ ಎನ್ನಲೂ ಇಲ್ಲ. ಅವನ್ನು ಉರಿಯಲು ಬಿಟ್ಟೇ ತಮ್ಮ ಕಡೆ ಬೆರಳು ತೋರಿಸಿದರು. ಊರಿನ ದೀಪಾಲಂಕಾರವನ್ನು ಕಥೋಲಿಕರು ಹೇಗೆ ನೋಡಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಪ್ರಸಂಗವನ್ನು ಹೇಳುತ್ತೇನೆ.

ಬೀದಿಯಲ್ಲಿ ದೀಪ ಕಟ್ಟುವವರನ್ನು ಕಂಡಾಗಲೆಲ್ಲ ದೇವಾಲಯದಲ್ಲಿ ಏಣಿ ಹತ್ತುತ್ತಿದ್ದ ಆ ಹುಡುಗರ ನೆನಪಾಗುತ್ತದೆ. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಒಬ್ಬಾತ ಏಣಿಯ ತುದಿಯಲ್ಲಿದ್ದ. ಇನ್ಸುಲೇಷನ್ ಟೇಪಿನ ಸುರುಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಒಂದು ಕೈ ಕಂಬವನ್ನು ತಬ್ಬಿತ್ತು, ಇನ್ನೊಂದು ಕೈ ಎರಡು ವೈರುಗಳ ತುದಿಗಳನ್ನು ತಿರುಚುತ್ತಿತ್ತು. ಕೆಳಗೆ ಏಣಿ ಹಿಡಿದಿದ್ದವನು ಮೇಲೆ ನೋಡಲೇ ಇಲ್ಲ, ಏಣಿಯ ಕಾಲುಗಳನ್ನೇ ನೋಡುತ್ತಿದ್ದ. ಅವರಿಬ್ಬರೂ ಯಾವ ಧರ್ಮದವರೋ ನಾನು ಕೇಳಲಿಲ್ಲ. ಹೆಚ್ಚಿನವರು ಕಾಣುವುದು ದೀಪ ಹೊತ್ತಿಕೊಳ್ಳುವ ಆ ಒಂದು ಕ್ಷಣವನ್ನಷ್ಟೇ, ಏಣಿಯನ್ನಲ್ಲ.

ಡಿಸೆಂಬರ್ 25 ಮೂಲದಲ್ಲಿ ಸೂರ್ಯನ ಹಬ್ಬ, ಈ ದೀಪಗಳು ಅದರ ಪಳೆಯುಳಿಕೆ ಎನ್ನುತ್ತಾರಲ್ಲ?

ಎರಡು ಬೇರೆ ಬೇರೆ ವಿಷಯಗಳು ಇಲ್ಲಿ ಗಂಟು ಬಿದ್ದಿವೆ. ರೋಮಿನ ಚಕ್ರವರ್ತಿ ಔರೇಲಿಯನ್ 274ರಲ್ಲಿ ‘ಅಜೇಯ ಸೂರ್ಯ’ನಿಗೆ ದೇವಾಲಯ ಕಟ್ಟಿಸಿದ್ದು ನಿಜ. 354ರ ರೋಮನ್ ಪಂಚಾಂಗವೊಂದು ಡಿಸೆಂಬರ್ 25ನ್ನು ಅಜೇಯನ ಜನ್ಮದಿನವೆಂದು ಗುರುತಿಸುತ್ತದೆ. ಅದೇ ಸಂಪುಟದ ಇನ್ನೊಂದು ಪಟ್ಟಿ ಅದೇ ದಿನವನ್ನು ಬೆತ್ಲೆಹೇಮಿನಲ್ಲಿ ಕ್ರಿಸ್ತನ ಜನನದ ದಿನ ಎನ್ನುತ್ತದೆ. ಯಾರು ಯಾರಿಂದ ಪಡೆದರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮಾರ್ಚ್ 25 ಕ್ರಿಸ್ತನು ಗರ್ಭದಲ್ಲಿ ಮೂಡಿದ ದಿನ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ಡಿಸೆಂಬರ್ 25 ಬಂತು ಎಂಬ ವಾದವೂ ಗಟ್ಟಿಯಾಗಿಯೇ ಇದೆ.

ಆದರೆ ಬೀದಿಯ ವಿದ್ಯುದ್ದೀಪಗಳಿಗೂ ಔರೇಲಿಯನನಿಗೂ ಸಂಬಂಧ ಕಲ್ಪಿಸುವುದು ತಮಾಷೆ. ಅವುಗಳ ವಂಶಾವಳಿ 1880ರ ಆಸುಪಾಸಿಗಿಂತ ಹಿಂದಕ್ಕೆ ಹೋಗುವುದಿಲ್ಲ. 1882ರಲ್ಲಿ ಥಾಮಸ್ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್ಮಸ್ ಮರಕ್ಕೆ 80 ಪುಟ್ಟ ಬಲ್ಬುಗಳನ್ನು ಹಾಕಿ ತಿರುಗಿಸಿ ತೋರಿಸಿದ. ಅದರಲ್ಲಿ ಸೂರ್ಯಾರಾಧನೆಯ ಸುಳಿವೂ ಇರಲಿಲ್ಲ, ಹೊಸ ವಿದ್ಯುತ್ತಿನ ಜಾಹೀರಾತಿನ ವಾಸನೆ ಬೇಕಾದಷ್ಟಿತ್ತು.

ಯಾವ ಬಣ್ಣದ ದೀಪಕ್ಕೆ ಯಾವ ಅರ್ಥ?

ಇಂತಿಷ್ಟೇ ಎಂದು ಯಾವುದೂ ಇಲ್ಲ. ಕೆಂಪು ಎಂದರೆ ರಕ್ತ, ಹಸಿರು ಎಂದರೆ ನಿತ್ಯಜೀವ ಎಂದು ಪಟ್ಟಿ ಮಾಡಿ ಹಂಚುವವರು ಹಂಚಲಿ, ಕೆಡುಕೇನೂ ಇಲ್ಲ. ಜಾನ್ಸನ್ನನ ಬಲ್ಬುಗಳು ಕೆಂಪು, ಬಿಳಿ, ನೀಲಿ: ಅವನ ದೇಶದ ಬಾವುಟದ ಬಣ್ಣಗಳು. ಚರ್ಚಿನೊಳಗಿನ ಬಣ್ಣಗಳಿಗೆ ಮಾತ್ರ ನಿಯಮವಿದೆ. ಕ್ರಿಸ್ಮಸ್‌ಗೆ ಮುನ್ನ ಸುಮಾರು ನಾಲ್ಕು ವಾರ ಕಾಯುವ ಆಗಮನ ಕಾಲಕ್ಕೆ ನೇರಳೆ, ಅದರ ಮೂರನೆಯ ಭಾನುವಾರ ಬೇಕಾದರೆ ಗುಲಾಬಿ, ಕ್ರಿಸ್ಮಸ್‌ಗೆ ಬಿಳಿ.

ನವೆಂಬರಿನಲ್ಲೇ ಊರು ಝಗಮಗಿಸುತ್ತದೆ. ನಾವು ಇನ್ನೂ ಆಗಮನ ಕಾಲದಲ್ಲಿರುತ್ತೇವೆ. ದೀಪ ನೋಡಿ ಖುಷಿಪಟ್ಟರೆ ತಪ್ಪೇ?

ತಪ್ಪಲ್ಲ, ಮುಜುಗರ ಮಾತ್ರ ನಿಜ. ಆಗಮನ ಕಾಲ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಆರಂಭವಾಗುತ್ತದೆ. ಡಿಸೆಂಬರ್ 16ರವರೆಗೆ ಅದರ ಗಮನ ಹೆಚ್ಚಾಗಿ ಕ್ರಿಸ್ತನ ಎರಡನೆಯ ಬರುವಿಕೆಯ ಮೇಲೆ. ಗೋದಲಿಯತ್ತ ನೇರವಾಗಿ ಹೊರಳುವುದು 17ರಿಂದಲೇ. ಬಲಿಪೂಜೆಯಲ್ಲಿ ಮಹಿಮಾಗೀತೆಯಿಲ್ಲ, ಪೀಠದ ಮೇಲೆ ಹೂವೂ ಮಿತವಾಗಿ. ಹೊರಗೆ ಬಂದರೆ ಹಬ್ಬ ಆಗಲೇ ಅರ್ಧ ಮುಗಿದಿರುತ್ತದೆ! ಊಟಕ್ಕೆ ಕೂರುವ ಮೊದಲೇ ಎಲೆ ಎತ್ತಿದ ಹಾಗೆ.

ನಾಲ್ಕು ಭಾನುವಾರಗಳಿಗೆ ನಾಲ್ಕು ಮೇಣದಬತ್ತಿ ನಿಲ್ಲಿಸಿದ ಆಗಮನದ ಹಾರಕ್ಕೂ ಬೀದಿಯ ದೀಪಕ್ಕೂ ಇರುವ ಅಂತರ ಇಲ್ಲೇ ಕಾಣುತ್ತದೆ. ಬೀದಿಯ ದೀಪ ಒಂದೇ ಸ್ವಿಚ್ಚಿಗೆ ಪೂರ್ತಿ ಹೊತ್ತಿಕೊಳ್ಳುತ್ತದೆ. ಹಾರದಲ್ಲಿ ಮೊದಲ ವಾರ ಒಂದೇ ಬತ್ತಿ, ಉಳಿದ ಮೂರು ಸುಮ್ಮನೆ ನಿಂತಿರುತ್ತವೆ. ಈ ಹಾರ ಕಥೋಲಿಕರ ಆವಿಷ್ಕಾರವೂ ಅಲ್ಲ. 1839ರಲ್ಲಿ ಹ್ಯಾಂಬರ್ಗಿನ ಲೂಥರನ್ ಪಾದ್ರಿ ಯೋಹಾನ್ ಹಿನ್ರಿಚ್ ವಿಖೆರ್ನ್ ಬಡಮಕ್ಕಳ ಆಶ್ರಮದಲ್ಲಿ ಗಾಡಿಯ ಚಕ್ರಕ್ಕೆ ಮೇಣದಬತ್ತಿ ಸಿಕ್ಕಿಸಿದರು, ಕ್ರಿಸ್ಮಸ್ ಯಾವಾಗ ಎಂದು ಮಕ್ಕಳು ದಿನಾ ಪೀಡಿಸುತ್ತಿದ್ದುದಕ್ಕಂತೆ. ಕಾಯುವುದನ್ನು ಕಲಿಸಲು ಮಕ್ಕಳ ಕಾಟದಿಂದ ಹುಟ್ಟಿದ ಸಾಧನ!

ನಾನು ಮಾಡುವುದು ಇಷ್ಟು. ಬೀದಿಯ ದೀಪಗಳಿಗೆ ಮುಖ ತಿರುಗಿಸುವುದಿಲ್ಲ, ಮನೆಯ ದೀಪಗಳನ್ನು ಮಾತ್ರ ತಡಮಾಡಿ ಹಚ್ಚುತ್ತೇನೆ. ಸರಗಳನ್ನು ಕಟ್ಟಿಡುತ್ತೇನೆ, ಸ್ವಿಚ್ ಮುಟ್ಟುವುದಿಲ್ಲ. ಕಿಟಕಿಯಲ್ಲಿ ಉರಿಯದೆ ತೂಗುವ ಆ ಬಲ್ಬುಗಳು ನೋಡಲು ಚೆಂದವೇನಲ್ಲ, ಮನೆಮಂದಿ ಗೊಣಗುತ್ತಾರೆ. ಡಿಸೆಂಬರ್ 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಹಳೆಯ ಕರೆ ಬರುತ್ತದೆ, ಪ್ರತಿಯೊಂದೂ ಬರಲಿರುವವನನ್ನು ಒಂದೊಂದು ಹೆಸರಿನಿಂದ ಕೂಗುತ್ತದೆ. 21ರ ಕರೆ ‘ಓ ಉದಯವೇ’ ಎಂದು: ನಿತ್ಯ ಬೆಳಕಿನ ಕಾಂತಿಯೇ, ನ್ಯಾಯದ ಸೂರ್ಯನೇ, ಕತ್ತಲಲ್ಲೂ ಸಾವಿನ ನೆರಳಲ್ಲೂ ಕುಳಿತವರನ್ನು ಬೆಳಗು ಬಾ. ಉತ್ತರಾರ್ಧಗೋಳದಲ್ಲಿ ಆ ದಿನ ಅಥವಾ ಅದರ ಆಸುಪಾಸಿನಲ್ಲೇ ವರ್ಷದ ಅತಿ ಉದ್ದದ ರಾತ್ರಿ. ಆ ಕರೆ ಹೇಳಿ ಮುಗಿಸಿ ಸ್ವಿಚ್ ಒತ್ತಿದರೆ ಅದೇ ಅಗ್ಗದ ಸರ ಬೇರೆಯೇ ಆಗಿ ಕಾಣುತ್ತದೆ.

ಭೂಗೋಳದ ದಕ್ಷಿಣಾರ್ಧದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ. ಅಲ್ಲಿ ಈ ಬೆಳಕು-ಕತ್ತಲಿನ ಮಾತು ಹೇಗೆ ಹೊಂದುತ್ತದೆ?

ಹವಾಮಾನದ ಮಟ್ಟಿಗೆ ಹೊಂದುವುದಿಲ್ಲ, ಹೊಂದಬೇಕೆಂದೂ ಇಲ್ಲ. ಯೆಶಾಯ ಹೇಳಿದ ಕತ್ತಲು ಸೈನಿಕರ ಬೂಟುಗಳದು, ರಕ್ತದಲ್ಲಿ ನೆಂದ ಬಟ್ಟೆಗಳದು, ಹೆಗಲಿನ ಮೇಲಿನ ನೊಗದ್ದು. ಅದು ಯಾವ ಗೋಳಾರ್ಧದಲ್ಲೂ ಸಿಗುತ್ತದೆ.

ಈ ದೀಪಗಳೆಲ್ಲ ವ್ಯಾಪಾರಕ್ಕಾಗಿ. ಜನ ಅಂಗಡಿಗೆ ಬರಲಿ ಎಂದು. ಇದರಲ್ಲಿ ಅಧ್ಯಾತ್ಮ ಎಲ್ಲಿಂದ ಬರಬೇಕು?

ವ್ಯಾಪಾರಕ್ಕಾಗಿ ಎಂಬುದು ಬಹುಪಾಲು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಲೂಕನ ಎರಡನೆಯ ಅಧ್ಯಾಯದ ಆರಂಭವನ್ನು ಮತ್ತೊಮ್ಮೆ ಓದಿ. ಜೋಸೆಫ್ ಮತ್ತು ತುಂಬು ಗರ್ಭಿಣಿ ಮರಿಯಮ್ಮ ಬೆತ್ಲೆಹೇಮಿಗೆ ಹೊರಟದ್ದು ತೀರ್ಥಯಾತ್ರೆಗಲ್ಲ. ರೋಮಿನ ಚಕ್ರವರ್ತಿ ಆಗಸ್ಟಸನ ಜನಗಣತಿಗಾಗಿ, ಅಂದರೆ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಲು. ಬೆತ್ಲೆಹೇಮಿನಲ್ಲಿ ಹುಟ್ಟಬೇಕೆಂಬ ಪ್ರವಾದನೆ ನೆರವೇರಿದ್ದು ಗುಮಾಸ್ತರ ಲೆಕ್ಕದ ಪುಸ್ತಕದ ನೆಪದಲ್ಲಿ. ಆಗಸ್ಟಸನ ಉದ್ದೇಶ ಅಧ್ಯಾತ್ಮವಾಗಿರಲಿಲ್ಲ. ಆ ಊರಿನ ಆ ವಾರದ ಗಿಜಿಗಿಜಿಯಲ್ಲಿ ಯಾರಿಗೋ ಒಳ್ಳೆಯ ವ್ಯಾಪಾರ ಆಗಿಯೇ ಇರುತ್ತದೆ, ಬಿಡಾರದಲ್ಲಿ ಜಾಗವಿರಲಿಲ್ಲ ಎಂದರೆ ಇನ್ನೇನು?

ಎಚ್ಚರ ಬೇಕಾದದ್ದು ಬೇರೆ ಕಡೆ. ಬೆಳಕಿನ ಕೆಲಸ ಏನನ್ನಾದರೂ ಕಾಣಿಸುವುದು. ಬರೀ ಸರಕನ್ನು ಕಾಣಿಸಿ, ಅದೇ ಬೀದಿಯ ಮೂಲೆಯಲ್ಲಿ ಚಳಿಗೆ ಮುದುಡಿ ಮಲಗಿದವನನ್ನು ಕಾಣಿಸದೇ ಹೋದರೆ ದೀಪದ ತಪ್ಪಿಲ್ಲ, ನಡೆದು ಹೋದ ನಮ್ಮದು. ದೀಪ ಅವನ ಮೇಲೂ ಬಿದ್ದಿತ್ತಲ್ಲ.

ಅಲಂಕಾರದಲ್ಲಿ ನಕ್ಷತ್ರ, ಹಿಮದ ಹಳಕು, ಗಂಟೆ ಎಲ್ಲ ಇವೆ, ಗೋದಲಿ ಮಾತ್ರ ಇಲ್ಲ. ಆಕ್ಷೇಪಿಸಬೇಕೇ?

ವಿನಯದಿಂದ ಕೇಳಿಕೊಳ್ಳಲು ಅಡ್ಡಿಯಿಲ್ಲ, ರಂಪ ಬೇಡ. ಬೀದಿ ಎಲ್ಲರದು. ನಕ್ಷತ್ರವೊಂದು ಉಳಿದಿದ್ದರೂ ನಮಗೆ ಸಾಕಷ್ಟು ಉಳಿದಂತೆ. ಪೂರ್ವದೇಶದ ಜ್ಞಾನಿಗಳಿಗೆ ಮೊದಲು ಕಂಡದ್ದೂ ಅದೊಂದೇ. ಅವರು ನಮ್ಮ ಧರ್ಮಗ್ರಂಥ ಓದಿದವರಲ್ಲ, ಆಕಾಶ ಓದಿದವರು. ಅದನ್ನು ನಂಬಿ ಯೆರೂಸಲೇಮಿನವರೆಗೆ ಬಂದರು. ಮುಂದಿನ ದಾರಿ ಬೆತ್ಲೆಹೇಮಿಗೆ ಎಂಬುದನ್ನು ಮಾತ್ರ ಧರ್ಮಗ್ರಂಥ ಬಲ್ಲವರು ತಿಳಿಸಬೇಕಾಯಿತು. ತಿಳಿಸಿದ ಆ ಪಂಡಿತರು ತಾವು ಬೆತ್ಲೆಹೇಮಿಗೆ ಹೊರಟರೆಂದು ಮತ್ತಾಯ ಎಲ್ಲೂ ಬರೆದಿಲ್ಲ. ಅಲಂಕಾರದ ಬಗ್ಗೆ ದೂರು ಬರೆಯಲು ಕೂತಾಗ ನನಗೆ ಚುಚ್ಚುವ ವಿವರ ಇದು.

ಒಂದು ಬಲ್ಬು ಹೋದರೆ ಇಡೀ ಸರ ಆರುತ್ತದೆ, ಹಾಗೆಯೇ ನಾವೆಲ್ಲ ಕ್ರಿಸ್ತನ ದೇಹ ಎಂದು ಗುರುಗಳ ಪ್ರಸಂಗದಲ್ಲಿ (ಉಪದೇಶದಲ್ಲಿ) ಕೇಳಿದೆ. ಈ ಹೋಲಿಕೆ ಸರಿಯೇ?

ಹಳೆಯ ಸೀರಿಯಲ್ ಸೆಟ್ಟಿಗೆ ಸರಿ. ಒಂದರ ಹಿಂದೊಂದು ಪೋಣಿಸಿದ ಆ ಸರದಲ್ಲಿ ಕರೆಂಟು ಪ್ರತಿ ಬಲ್ಬಿನ ತಂತಿಯನ್ನೂ ದಾಟಿಯೇ ಮುಂದೆ ಹೋಗಬೇಕು. ಒಂದು ಸುಟ್ಟರೆ ದಾರಿ ಕಡಿದುಹೋಗುತ್ತದೆ. ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಬಲ್ಬು ಕಿತ್ತು, ಚೆನ್ನಾಗಿರುವ ಒಂದನ್ನು ಅಲ್ಲಿ ಸಿಕ್ಕಿಸಿ ನೋಡುತ್ತ ಅರ್ಧ ರಾತ್ರಿ ಕಳೆದವರಿಗೆ ಇದು ಗೊತ್ತು. ಮೂವತ್ತೇಳನೆಯದಕ್ಕೆ ಪಟ್ಟನೆ ಎಲ್ಲವೂ ಹತ್ತಿಕೊಂಡಾಗ ಮನೆಯವರೆಲ್ಲ ಕೂಗುವ ಕೂಗಿಗೆ ಸಮನಾದದ್ದು ಇನ್ನೊಂದಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮಾತು, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂಬುದು, ಅಲ್ಲಿ ಕಣ್ಣೆದುರೇ ಇತ್ತು.

ಆಮೇಲಿನ ಸರಗಳಲ್ಲಿ ಎಂಜಿನಿಯರುಗಳು ಬಲ್ಬಿನೊಳಗೆ ಒಂದು ಒಳದಾರಿ ಇಟ್ಟರು. ತಂತಿ ಸುಟ್ಟರೂ ಕರೆಂಟು ಆ ಒಳದಾರಿಯಿಂದ ಹಾದುಹೋಗುತ್ತದೆ, ಉಳಿದವು ಉರಿಯುತ್ತಲೇ ಇರುತ್ತವೆ. ಗುರುಗಳ ಪ್ರಸಂಗಕ್ಕೆ ಒಳ್ಳೆಯ ಹೋಲಿಕೆಯೊಂದು ಕೈತಪ್ಪಿತು. ಅಥವಾ ಇನ್ನೊಂದು ದಕ್ಕಿತು ಎನ್ನಬಹುದೇನೋ: ಈಗ ಸರದಲ್ಲಿ ಯಾರು ಆರಿದ್ದಾರೆಂದು ಉಳಿದವರಿಗೆ ತಿಳಿಯುವುದೇ ಇಲ್ಲ.

ಊರಿನ ಜನ ದೀಪ ಹಚ್ಚಿದ್ದೇ ಪ್ರಾರ್ಥನೆಯಾದ ಉದಾಹರಣೆ ಇದೆಯೇ?

ಎರಡು ಹೇಳುತ್ತೇನೆ. ಮೊದಲನೆಯದು 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ. ಅಸ್ಸಿಸಿಯ ಸಂತ ಫ್ರಾನ್ಸಿಸರು ಗವಿಯಂಥ ಜಾಗದಲ್ಲಿ ಹುಲ್ಲು ತುಂಬಿದ ಗೋದಲಿ ಇರಿಸಿ, ಎತ್ತು ಮತ್ತು ಕತ್ತೆಯನ್ನು ತರಿಸಿ, ಅಲ್ಲೇ ಬಲಿಪೂಜೆ ಏರ್ಪಡಿಸಿದರು. ಗೋದಲಿಯ ಕತೆ ಎಲ್ಲರಿಗೂ ಗೊತ್ತು. ದೀಪಗಳ ಕತೆಯನ್ನು ಮರೆತಿದ್ದೇವೆ. ಸುತ್ತಲಿನ ಹಳ್ಳಿಯ ಗಂಡಸರು ಹೆಂಗಸರು ಮೊದಲೇ ಮೇಣದಬತ್ತಿ, ಪಂಜುಗಳನ್ನು ಸಿದ್ಧಮಾಡಿಕೊಂಡು ಹಾಡುತ್ತ ಬಂದರು, ರಾತ್ರಿ ಹಗಲಿನಂತೆ ಬೆಳಗಿತು ಎಂದು ಅವರ ಮೊದಲ ಜೀವನಚರಿತ್ರೆಕಾರ ಚೆಲಾನೊದ ಥಾಮಸ್ ಬರೆಯುತ್ತಾನೆ. ಅಲ್ಲಿ ಕೂಸಿನ ಗೊಂಬೆಯಿತ್ತೆಂದು ಅವನು ಹೇಳುವುದಿಲ್ಲ. ಗೋದಲಿಯ ಮೇಲೆಯೇ ಪರಮಪ್ರಸಾದ ಅರ್ಪಣೆಯಾಯಿತು.

ಎರಡನೆಯದು ಫ್ರಾನ್ಸಿನ ಲಿಯಾನ್, 1852. ಫುರ್ವಿಯೇರ್ ಗುಡ್ಡದ ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆ ಸೆಪ್ಟೆಂಬರ್ 8ರಂದು ಅನಾವರಣಗೊಳ್ಳಬೇಕಿತ್ತು. ಸೋನ್ ನದಿಯ ಪ್ರವಾಹದಿಂದ ಅದು ಡಿಸೆಂಬರ್ 8ಕ್ಕೆ ಮುಂದೆ ಹೋಯಿತು. ಆ ದಿನವೂ ಬಿರುಗಾಳಿ ಮಳೆ; ಬಾಣಬಿರುಸು, ಮೆರವಣಿಗೆ ಬೇಡವೆಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಆಕಾಶ ತಿಳಿಯಾಯಿತು. ಯಾರ ಅಪ್ಪಣೆಗೂ ಕಾಯದೆ ಜನ ಕಿಟಕಿಗಳ ಮೇಲೆ ಪುಟ್ಟ ದೀಪಗಳನ್ನು ಸಾಲಾಗಿ ಇಟ್ಟು ಬೀದಿಗಿಳಿದರು. ಅಲ್ಲಿಂದ ಮುಂದೆ ಪ್ರತಿ ಡಿಸೆಂಬರ್ 8ರಂದೂ ಅದೇ ಪದ್ಧತಿ. ಈಗ ಅದು ನಗರದ ದೊಡ್ಡ ಬೆಳಕಿನ ಉತ್ಸವ, ದೂರದೂರದಿಂದ ಪ್ರವಾಸಿಗರು ಬರುತ್ತಾರೆ, ಕಟ್ಟಡಗಳ ಮೇಲೆ ಬೆಳಕಿನ ಆಟ ನಡೆಯುತ್ತದೆ. 2015ರಲ್ಲಿ ಪ್ಯಾರಿಸ್ ದಾಳಿಯ ನಂತರ ಆ ಉತ್ಸವ ರದ್ದಾಯಿತು. ಕಿಟಕಿಯ ಪುಟ್ಟ ದೀಪಗಳು ಮಾತ್ರ, ಸತ್ತವರ ನೆನಪಿನಲ್ಲಿ, ಆ ವರ್ಷವೂ ಉರಿದವು.

ಪೋಪ್ ಕೂಡ ದೀಪ ಬೆಳಗಿಸುತ್ತಾರೆಯೇ?

ಸಂತ ಪೇತ್ರರ ಚೌಕದಲ್ಲಿ ದೊಡ್ಡ ಮರ ಮತ್ತು ಗೋದಲಿ ನಿಲ್ಲಿಸುವ ರೂಢಿ 1982ರಲ್ಲಿ ಪೋಪ್ ಎರಡನೆಯ ಜಾನ್ ಪಾಲರ ಕಾಲದಲ್ಲಿ ಬಂತು. ಇಟಲಿಯ ಗುಬ್ಬಿಯೊ ಪಟ್ಟಣದಲ್ಲಿ 1981ರಿಂದ ಇಂಜಿನೊ ಬೆಟ್ಟದ ಇಳಿಜಾರಿನ ಮೇಲೆ ದೀಪಗಳಿಂದಲೇ ಮರದ ಆಕಾರ ಮೂಡಿಸುತ್ತಾರೆ. ಎತ್ತರ ಸುಮಾರು 650 ಮೀಟರು, ದುಡಿಮೆ ಸ್ವಯಂಸೇವಕರದು. 2011ರ ಡಿಸೆಂಬರ್ 7ರಂದು ಆಗಿನ ಪೋಪ್ ಹದಿನಾರನೆಯ ಬೆನೆಡಿಕ್ಟರು ವ್ಯಾಟಿಕನ್ನಿನಲ್ಲೇ ಕುಳಿತು ಟ್ಯಾಬ್ಲೆಟ್ ಮುಟ್ಟಿ ಅದನ್ನು ಬೆಳಗಿಸಿದರು.

ಈ ವರ್ಷ ಮನೆಯಲ್ಲಿ ಸಾವಾಗಿದೆ. ಬೀದಿಯ ದೀಪ ಕಂಡರೆ ಹೊಟ್ಟೆ ಹಿಂಡಿದಂತಾಗುತ್ತದೆ. ಇದು ವಿಶ್ವಾಸದ ಕೊರತೆಯೇ?

ಖಂಡಿತ ಅಲ್ಲ. ಕ್ರಿಸ್ಮಸ್ಸಿನ ಮರುದಿನವೇ ಚರ್ಚಿನೊಳಗೆ ಏನಾಗುತ್ತದೆಂದು ಗಮನಿಸಿದ್ದೀರಾ? 26ರಂದು ಗುರುಗಳು ಕೆಂಪು ವಸ್ತ್ರ ತೊಟ್ಟು ಬರುತ್ತಾರೆ. ಅಂದು ಕಲ್ಲೆಸೆತಕ್ಕೆ ಸತ್ತ ಸಂತ ಸ್ತೆಫಾನರ ಹಬ್ಬ. 28ರಂದು ಮತ್ತೆ ಕೆಂಪು, ಹೆರೋದನು ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ನೆನಪು. ಆ ದಿನದ ವಾಚನದಲ್ಲಿ ರಾಖೇಲಳು ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಬೇಡವೆನ್ನುತ್ತಾಳೆ. ಬೀದಿಯ ಹಬ್ಬದಲ್ಲಿ ಅಳುವವರಿಗೆ ಜಾಗವಿಲ್ಲದಿರಬಹುದು, ಧರ್ಮಸಭೆಯ ಹಬ್ಬದಲ್ಲಿ ಅವರಿಗೆಂದು ದಿನವನ್ನೇ ಎತ್ತಿಟ್ಟಿದೆ.

ಆದ್ದರಿಂದ ದೀಪವಿಲ್ಲದ ಓಣಿಯಿಂದ ಮನೆಗೆ ಹೋಗಬೇಕೆನಿಸಿದರೆ ಹಾಗೆಯೇ ಹೋಗಿ. ಮನೆಯಲ್ಲಿ ಸರ ಕಟ್ಟಬೇಕಿಲ್ಲ. ತೀರಿಕೊಂಡವರ ಹೆಸರಿನಲ್ಲಿ ಒಂದೇ ಒಂದು ಮೇಣದಬತ್ತಿ ಹಚ್ಚಿ, ಅದೂ ಆಗದಿದ್ದರೆ ಚರ್ಚಿಗೆ ಹೋಗಿ ಯಾರೂ ಇಲ್ಲದ ಹೊತ್ತಿನಲ್ಲಿ ನಂದಾದೀಪದ ಎದುರು ಸುಮ್ಮನೆ ಕುಳಿತುಕೊಳ್ಳಿ. ಆ ದೀಪ ನಿಮ್ಮಿಂದ ಸಂಭ್ರಮವನ್ನು ಕೇಳುವುದಿಲ್ಲ. ಮತ್ತೆ ಊರಿನ ಉಳಿದವರಿಗೆ ಒಂದು ಮಾತು: ನಿಮ್ಮ ಬೀದಿಯಲ್ಲಿ ಈ ಸಲ ದೀಪ ಹಾಕದ ಮನೆ ಯಾವುದೆಂದು ನೋಡಿ. ಅವರ ಬಾಗಿಲು ತಟ್ಟಲು ಕಾರಣ ಹುಡುಕಬೇಕಾಗಿಲ್ಲ.

ಇಷ್ಟು ವಿದ್ಯುತ್ ಸುಡುವುದು ಸರಿಯೇ?

ಪೋಪ್ ಫ್ರಾನ್ಸಿಸರು 2015ರಲ್ಲಿ ಭೂಮಿಯ ಪಾಲನೆಯ ಬಗ್ಗೆ ವಿಶ್ವಪತ್ರ ಬರೆದ ಮೇಲೆ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಎಲ್ಇಡಿ ದೀಪಗಳು ಹಳೆಯ ತಂತಿ ಬಲ್ಬುಗಳಿಗಿಂತ ತೀರಾ ಕಡಿಮೆ ವಿದ್ಯುತ್ ಬಳಸುತ್ತವೆ. ಅದರ ಲಾಭವನ್ನು ನಾವು ಹತ್ತುಪಟ್ಟು ದೀಪ ಹಾಕಿ ತೀರಿಸಿಬಿಡುತ್ತೇವೆ ಎಂಬುದು ಬೇರೆ ಮಾತು. ತಡರಾತ್ರಿ ಆರಿಸಿ. ಹಕ್ಕಿಗಳಿಗೂ ನೆರೆಮನೆಯ ಮುದುಕರಿಗೂ ನಿದ್ದೆ ಬೇಕು.

ದೀಪ ನೋಡಲು ಹೋದಾಗ ಪ್ರಾರ್ಥಿಸುವುದು ಹೇಗೆ?

ಮೊಬೈಲ್ ಜೇಬಿನಲ್ಲಿರಲಿ, ಮೊದಲು ಅದು. ಜಪಸರದ ಸಂತೋಷದ ರಹಸ್ಯಗಳಲ್ಲಿ ಮೂರನೆಯದು ಕ್ರಿಸ್ತಜನನ. ಹತ್ತು ‘ನಮೋ ಮರಿಯಾ’ ಪ್ರಾರ್ಥನೆಗಳ ಆ ಒಂದು ದಶಕಕ್ಕೆ ಒಂದು ಬೀದಿ ಸಾಕು. 2002ರಲ್ಲಿ ಎರಡನೆಯ ಜಾನ್ ಪಾಲರು ಸೇರಿಸಿದ ಬೆಳಕಿನ ರಹಸ್ಯಗಳನ್ನೂ ಹೇಳಬಹುದು, ಹೆಸರಿಗೆ ಹೊಂದುತ್ತದೆ.

ನನ್ನದೊಂದು ಅಭ್ಯಾಸವಿದೆ. ಸ್ವಲ್ಪ ದೂರ ನಡೆದ ಮೇಲೆ ದೀಪಗಳಿಗೆ ಬೆನ್ನು ಮಾಡಿ ನಿಂತು ನೋಡುವವರ ಮುಖಗಳನ್ನು ನೋಡುತ್ತೇನೆ. ಅಪ್ಪನ ಹೆಗಲ ಮೇಲೆ ಕುಳಿತ ಕೂಸಿನ ಬಾಯಿ ತೆರೆದೇ ಇರುತ್ತದೆ, ಒಮ್ಮೆ ಕೆಂಪು, ಒಮ್ಮೆ ನೀಲಿ. ಬೇಸತ್ತ ಹರೆಯದ ಹುಡುಗ, ಕೈಹಿಡಿದು ನಿಧಾನ ನಡೆಯುವ ವಯಸ್ಸಾದ ಗಂಡಹೆಂಡತಿ, ಯಾರೂ ಜೊತೆಗಿಲ್ಲದ ಒಬ್ಬಾಕೆ. ಎಲ್ಲರ ಮೇಲೂ ಒಂದೇ ಬೆಳಕು. ಒಬ್ಬೊಬ್ಬರಿಗೂ ಒಂದೊಂದು ‘ನಮೋ ಮರಿಯಾ’ ಹೇಳುತ್ತ ಹತ್ತು ಮುಖ ಆದ ಮೇಲೆ ಮನೆಗೆ ಹೊರಡುತ್ತೇನೆ.

ದೀಪಗಳಿಗೆ ಆಶೀರ್ವಾದ ಮಾಡಿಸಬಹುದೇ?

ಮನೆಯ ಮರಕ್ಕೆ, ಗೋದಲಿಗೆ ಆಶೀರ್ವಾದದ ವಿಧಿಗಳು ಕೆಲವು ದೇಶಗಳ ಧರ್ಮಾಧ್ಯಕ್ಷರು ಪ್ರಕಟಿಸಿದ ಆಶೀರ್ವಾದ ಗ್ರಂಥದಲ್ಲಿವೆ. ಗುರುಗಳೇ ಬರಬೇಕೆಂದಿಲ್ಲ, ಮನೆಯಲ್ಲಿ ತಂದೆಯೋ ತಾಯಿಯೋ ಪ್ರಾರ್ಥನೆ ನಡೆಸಬಹುದು. ಚಿಕ್ಕ ಮಗುವಿನ ಕೈಗೆ ಸ್ವಿಚ್ ಕೊಡಿ, ಮೇಣದಬತ್ತಿ ಕೊಡಬೇಡಿ.

ದೀಪ ಯಾವಾಗ ಇಳಿಸಬೇಕು? ಊರಿನವರು ಜನವರಿ ಮೊದಲ ವಾರವೇ ಬಿಚ್ಚಿಬಿಡುತ್ತಾರೆ.

ಧರ್ಮಸಭೆಯ ಲೆಕ್ಕದಲ್ಲಿ ಕ್ರಿಸ್ಮಸ್ ಕಾಲ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ, ಅಂದರೆ ಸಾಮಾನ್ಯವಾಗಿ ಜನವರಿ ಎರಡನೆಯ ವಾರದ ಭಾನುವಾರದವರೆಗೆ ಇರುತ್ತದೆ. ಹಳೆಯ ರೂಢಿಯಂತೆ ಫೆಬ್ರವರಿ 2ರವರೆಗೆ ಗೋದಲಿ ಉಳಿಸಿಕೊಳ್ಳುವವರೂ ಇದ್ದಾರೆ. ಅಂದು ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬ. ಕೂಸನ್ನು ತೋಳಲ್ಲಿ ಎತ್ತಿಕೊಂಡ ಮುದುಕ ಸಿಮೆಯೋನನು ಅದನ್ನು ಎಲ್ಲ ಜನಾಂಗಗಳಿಗೂ ಬೆಳಕು ಎಂದ. ಆ ಹಾಡನ್ನು ಧರ್ಮಸಭೆ ಪ್ರತಿ ರಾತ್ರಿ ಮಲಗುವ ಮುನ್ನದ ಪ್ರಾರ್ಥನೆಯಲ್ಲಿ ಹಾಡುತ್ತದೆ. ಫೆಬ್ರವರಿ 2ರಂದು ವರ್ಷಪೂರ್ತಿ ಬೇಕಾಗುವ ಮೇಣದಬತ್ತಿಗಳನ್ನು ಆಶೀರ್ವದಿಸಿ, ಹಚ್ಚಿ, ಕೈಯಲ್ಲಿ ಹಿಡಿದು ಚರ್ಚಿನೊಳಗೆ ನಡೆಯುತ್ತಾರೆ.

ನಿಮ್ಮ ಮನೆಯ ಸರಗಳನ್ನು ಅಲ್ಲಿಯವರೆಗೂ ಇಡಬಹುದು, ನೆರೆಯವರು ಮರೆತಿದ್ದಾರೆ ಎಂದುಕೊಂಡರೆ ಅಂದುಕೊಳ್ಳಲಿ. ಬೀದಿಯ ದೀಪಗಳನ್ನು ಬಿಚ್ಚಲು ಅದೇ ಇಬ್ಬರು ಅದೇ ಏಣಿಯೊಂದಿಗೆ ಹಗಲಿನಲ್ಲಿ ಬರುತ್ತಾರೆ. ಆಗ ನೋಡಲು ಯಾರೂ ನಿಂತಿರುವುದಿಲ್ಲ. ಒಬ್ಬ ಮೇಲಿಂದ ವೈರು ಬಿಡುತ್ತಾನೆ, ಇನ್ನೊಬ್ಬ ಕೆಳಗೆ ಮೊಣಕೈಗೂ ಅಂಗೈಗೂ ಸುತ್ತಿ ಸುತ್ತಿ ಸುರುಳಿ ಮಾಡುತ್ತಾನೆ. ಹಾದುಹೋಗುವಾಗ ಏಣಿಯ ಕಾಲು ಹಿಡಿಯಲು ಮೂರನೆಯವರು ಬೇಕೇ ಎಂದು ಕೇಳಿ ನೋಡಿ.